ಕನ್ನಡಿಯ ಮುಂದಿನ ನೆಲ

"ಎಲ್ಲಾ ಒಂದೇ ಬಣ್ಣ ಅಲ್ವಾ ಮೇಡಂ," ಎಂದ ಬಿಲ್ಡರ್.

ಅವಳು ಒಮ್ಮೆ ನೆಲ ನೋಡಿದಳು, ಒಮ್ಮೆ ಅವನ ಮುಖ ನೋಡಿದಳು. ಹೊಸ ಅಂಗಡಿಯ ಬಾಗಿಲಿನಿಂದ ಅರ್ಧ ಹಾಲ್‌ವರೆಗೆ ಟೈಲ್ಸು ಇಟ್ಟಿಗೆಗೆಂಪು. ಅಲ್ಲಿಂದಾಚೆಗೆ, ಆಳೆತ್ತರದ ಕನ್ನಡಿಗಳು ಬರಬೇಕಿದ್ದ ಗೋಡೆಯವರೆಗೆ, ಪಾಚಿಗಟ್ಟಿದ ತೊಟ್ಟಿಯ ಹಾಗೆ ಮಂಕು ಹಸಿರು. ನಡುವೆ ಗೆರೆ ಕೊಯ್ದಂತೆ ಕಾಣುತ್ತಿತ್ತು.

"ತಮಾಷೆ ಮಾಡ್ತಿದೀರಾ?"

"ಇಲ್ಲ. ಬಾಕ್ಸ್ ಎಲ್ಲಾ ನಾನೇ ಒಡೆದು ನೋಡಿದೀನಿ. ಬೆಳಕು ಬೀಳೋ ರೀತಿಗೆ ಹಾಗೆ ಕಾಣ್ತಿರಬಹುದು. ನಿಮ್ಮ ಕಣ್ಣು ದಣಿದಿರಬೇಕು."

ನಿಮ್ಮ ಕಣ್ಣು ದಣಿದಿರಬೇಕು. ಅದೂ ಕೆಲಸದವರ ಎದುರಿಗೆ. ಟೈಲ್ಸ್ ಕೂರಿಸುತ್ತಿದ್ದ ಮುದುಕ ತಲೆ ತಗ್ಗಿಸಿಕೊಂಡು, "ನಾನು ಡಿಸೈನ್ ಇರಬಹುದು ಅಂದ್ಕೊಂಡೆ," ಎಂದು ಗೊಣಗಿದ.

ಅವಳು ಆ ಬೀದಿಗೆಲ್ಲ ಟೈಲರಕ್ಕ. ಸೂಜಿ ಹಿಡಿಯಲು ಕಲಿತಂದಿನಿಂದ ಅವಳ ಅನ್ನ ಇದ್ದದ್ದು ಕಣ್ಣಿನಲ್ಲೇ. ನೂರು ದಾರದುಂಡೆಗಳ ನಡುವೆ ಒಂದು ನೀಲಿಗೂ ಅದರ ಅಕ್ಕಪಕ್ಕದ ನೀಲಿಗೂ ಇರುವ ವ್ಯತ್ಯಾಸವನ್ನು ಮಾತಾಡುತ್ತಲೇ ಹೇಳಬಲ್ಲವಳು. ಅಂಥವಳ ಕಣ್ಣಿಗೆ ಈತ ಮಣ್ಣೆರಚಲು ಹೊರಟಿದ್ದ.

"ಈ ಹಸಿರಿನ ಮೇಲೆ ನಿಂತು ಯಾರಾದರೂ ಕನ್ನಡಿ ನೋಡ್ಕೊಂಡ್ರೆ, ಕಾಯಿಲೆಯಿಂದ ಎದ್ದು ಬಂದವರ ಥರ ಕಾಣ್ತಾರೆ. ಯಾರು ತಾನೆ ನನ್ನ ಹತ್ರ ಬಟ್ಟೆ ಹೊಲಿಸ್ತಾರೆ?"

ಅವನು ಕೈಯಲ್ಲಿದ್ದ ಅಳತೆ ಟೇಪನ್ನು ಎಳೆದ, ಬಿಟ್ಟ, ಮತ್ತೆ ಎಳೆದ.

ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವಳು ಜಗಳವಾಡಿ ಮರೆತುಬಿಡುತ್ತಿದ್ದಳು. ಆದರೆ ಇವನು ಕೇಳದೆಯೇ ಕಿಟಕಿಯನ್ನು ಒಂದು ಮೊಳ ಪಕ್ಕಕ್ಕೆ ಸರಿಸಿ, "ಮೆಷಿನ್ ಇಲ್ಲಿ ಇಟ್ರೆ ಬೆಳಕು ಎಡಗಡೆಯಿಂದ ಬರುತ್ತೆ, ಕೈ ನೆರಳು ಬೀಳಲ್ಲ," ಎಂದವನು. ಕತ್ತರಿಸುವ ಮೇಜಿನ ಎತ್ತರ ಗೊತ್ತುಮಾಡುವಾಗ ಅವಳ ಮೊಣಕೈಯ ಪಕ್ಕ ಟೇಪು ಹಿಡಿದು, ಮುಟ್ಟದೆ, ಉಸಿರು ಬಿಗಿಹಿಡಿದು ನಿಂತವನು. ಆ ಅರೆಗಳಿಗೆಯನ್ನು ಅವಳು ವಾರಗಟ್ಟಲೆ ಮನಸ್ಸಿನೊಳಗೆ ಮಡಚಿಟ್ಟುಕೊಂಡಿದ್ದಳು. ಮೂವತ್ತನಾಲ್ಕರ ಹೆಂಗಸು ಇಷ್ಟು ಸಣ್ಣ ವಿಷಯಕ್ಕೆ ಕರಗಬಾರದು ಎಂದು ತನಗೆ ತಾನೇ ಬೈದುಕೊಂಡದ್ದೂ ಉಂಟು.

ಈಗ ಅದೇ ಮನುಷ್ಯ ಅವಳ ಮುಖ ನೋಡಿಕೊಂಡೇ ಹಸಿರನ್ನು ಕೆಂಪು ಅನ್ನುತ್ತಿದ್ದ.

ಸುದ್ದಿ ಭಾವನ ಕಿವಿಗೆ ಬಿತ್ತು. ಅಕ್ಕನ ಗಂಡ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ. ಮಾತಾಡುವಾಗಲೂ ಪಕ್ಕದ ಸೀಟಿನಿಂದ ಬ್ರೇಕ್ ಒತ್ತುವ ಗತ್ತು. "ಇದು ಗೊತ್ತಿದ್ದೂ ಮಾಡಿದ ಕೆಲಸ. ಟೈಲ್ಸ್ ಡೀಲರ್ ಜೊತೆ ಸೇರಿ ಉಳಿದ ಮಾಲು ನಿನ್ನ ತಲೆಗೆ ಕಟ್ಟಿದಾನೆ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕೇಳ್ತೀನಿ," ಎಂದ.

ಮರುದಿನ ಬೆಳಿಗ್ಗೆ ನಾಲ್ವರೂ ಆ ಎರಡು ಬಣ್ಣದ ನೆಲದ ಮೇಲೆ ಸೇರಿದರು. ಡೀಲರ್ ಮೊದಲೇ ಕೈ ತೊಳೆದುಕೊಂಡ. "ಗೋಡೌನಲ್ಲಿ ಬಾಕ್ಸ್ ಅದಲುಬದಲಾಗಿರಬಹುದು, ಒಪ್ಕೋತೀನಿ ಸಾರ್. ಆದ್ರೆ ಇವರೇ ಒಡೆದು ನೋಡಿ ಓಕೆ ಅಂದ್ರಲ್ಲ. ಆಮೇಲೆ ನಾನೇನು ಮಾಡ್ಲಿ?"

"ಅಂದ್ರೋ ಇಲ್ವೋ?" ಭಾವ ಬಿಲ್ಡರ್ ಕಡೆಗೆ ತಿರುಗಿದ.

"ಅಂದೆ."

"ಸರಿ. ಅಗೋ, ಇನ್ನೂ ಹಾಕದ ಟೈಲ್ಸು ಗೋಡೆಗೆ ಒರಗಿಸಿದಾವೆ. ಎರಡೂ ಬೆರೆತುಹೋಗಿದಾವೆ. ನಮ್ಮ ಕೆಂಪಿನದು ಈ ಕಡೆ, ಅವರದು ಆ ಕಡೆ ಆರಿಸಿ ಇಡಿ. ಅವರು ತಮ್ಮದು ವಾಪಸ್ ತಗೊಂಡು ಹೋಗ್ಲಿ."

ಸುಲಭದ ಕೆಲಸ. ಆದರೆ ಬಿಲ್ಡರ್ ನಿಂತಲ್ಲೇ ನಿಂತ. ಆಮೇಲೆ ನಿಧಾನವಾಗಿ ಹೋಗಿ ಕುಕ್ಕರುಗಾಲಲ್ಲಿ ಕೂತು ಒಂದು ಟೈಲ್ಸ್ ಎತ್ತಿದ. ತಿರುಗಿಸಿ ಬೆನ್ನು ನೋಡಿದ. ಉಗುರಿನಿಂದ ಗೀಚಿದ. ಬೆಳಕಿಗೆ ಹಿಡಿದ. ಕೊನೆಗೆ ಅದನ್ನು ಕೆಂಪಿನ ಕಡೆ ಇಟ್ಟ.

ಅದು ಹಸಿರು.

ಅದೃಷ್ಟಕ್ಕೆ ಭಾವ ಡೀಲರ್ ಮೇಲೆ ಏನೋ ಹರಿಹಾಯುತ್ತಿದ್ದ. ಬಿಲ್ಡರ್‌ನ ಕತ್ತಿನ ಮೇಲೆ ಬೆವರು ಮೂಡಿದ್ದನ್ನು ಅವಳೊಬ್ಬಳೇ ನೋಡಿದಳು. ಅವನು ಎರಡನೆಯದನ್ನು ಎತ್ತಿದ. ಈ ಸಲ ಟೈಲ್ಸನ್ನು ನೋಡಲೇ ಇಲ್ಲ. ತಲೆಯೆತ್ತಿ ಅವಳ ಮುಖ ನೋಡಿದ.

ಅವಳಿಗೆ ತಟ್ಟನೆ ಅರ್ಥವಾಯಿತು. ಇವನಿಗೆ ಕಾಣುವುದಿಲ್ಲ. ಸುಳ್ಳಲ್ಲ, ಮೋಸವಲ್ಲ, ಇವನಿಗೆ ನಿಜವಾಗಿಯೂ ಕಾಣುವುದಿಲ್ಲ.

ಬಾಯಿಬಿಟ್ಟು ಹೇಳಿಬಿಡಬಹುದಿತ್ತು. ಸೇಡು ತೀರುತ್ತಿತ್ತು. ಅವಳು ಹೇಳಲಿಲ್ಲ. ಅವನ ಕೈಯಲ್ಲಿದ್ದ ಟೈಲ್ಸ್ ನೋಡಿ, ಕಣ್ಣನ್ನು ಎಡಕ್ಕೆ ಹೊರಳಿಸಿದಳು. ಅವನು ಎಡಕ್ಕೆ ಇಟ್ಟ. ಮುಂದಿನದಕ್ಕೆ ಬಲಕ್ಕೆ. ಅದರ ಮುಂದಿನದಕ್ಕೆ ಮತ್ತೆ ಎಡಕ್ಕೆ. ಮೊದಲು ತಪ್ಪಿ ಇಟ್ಟದ್ದರ ಮೇಲೆ ದೃಷ್ಟಿ ನೆಟ್ಟು ಹುಬ್ಬೇರಿಸಿದಳು; ಅವನು ಅದನ್ನೂ ಸರಿಮಾಡಿದ. ಒಂದೊಂದಕ್ಕೂ ಅವನು ತಲೆಯೆತ್ತುತ್ತಿದ್ದ, ಅವಳು ಕಾಯುತ್ತಿದ್ದಳು. ಇಷ್ಟು ಹೊತ್ತು, ಇಷ್ಟು ನೆಟ್ಟಗೆ, ಅವರು ಒಬ್ಬರನ್ನೊಬ್ಬರು ಹಿಂದೆಂದೂ ನೋಡಿರಲಿಲ್ಲ. ಭಾವ ಈ ಕಡೆ ತಿರುಗಿದಾಗಲೆಲ್ಲ ಅವಳು ಸೆರಗಿನಲ್ಲಿಲ್ಲದ ದಾರವನ್ನು ಕೀಳುತ್ತಿದ್ದಳು.

ಎಲ್ಲ ಮುಗಿದಾಗ ಎರಡೂ ಗುಂಪು ಸರಿಯಾಗಿದ್ದವು. ಅದೇ ಅವನಿಗೆ ಮುಳುವಾಯಿತು.

"ನೋಡಿದ್ಯಾ?" ಭಾವ ಕೈ ತಟ್ಟಿದ. "ಬಣ್ಣ ಚೆನ್ನಾಗೇ ಗೊತ್ತಾಗುತ್ತೆ. ಗೊತ್ತಿದ್ದೇ ಹಾಕಿದಾನೆ ಅಂತಾಯ್ತು. ನಾಳೆಯಿಂದ ಬೇರೆಯವರು ಬರ್ತಾರೆ. ಈ ಕಡೆ ಯಾರೂ ಇವನಿಗೆ ಒಂದು ಗೋಡೆ ಕೂಡ ಕಟ್ಟೋಕೆ ಕೊಡದ ಹಾಗೆ ನಾನು ನೋಡ್ಕೋತೀನಿ."

ಡೀಲರ್ ಗಾಡಿ ತರಲು ಹೊರಟ. ಭಾವ ಫೋನ್ ಹಿಡಿದು ಫುಟ್‌ಪಾತ್‌ಗೆ ಇಳಿದ. ಒಳಗೆ ಅವರಿಬ್ಬರೇ ಉಳಿದರು.

"ಯಾವಾಗಿನಿಂದ?" ಅವಳು ಮೆಲ್ಲಗೆ ಕೇಳಿದಳು.

"ಹುಟ್ಟಿದಾಗಿನಿಂದ." ಅವನು ಕೈಯ ಧೂಳು ಒರೆಸುತ್ತಲೇ ಇದ್ದ. "ಕೆಂಪು, ಹಸಿರು, ಎರಡೂ ನನಗೆ ಒಣಗಿದ ಎಲೆ ಥರ. ಬಣ್ಣದ ವಿಷಯ ಬಂದ್ರೆ ತಂಗಿ ಜೊತೆಗೆ ಬರ್ತಿದ್ಲು. ಬಾಕ್ಸ್ ಒಡೆದು ನೋಡಿ ಹೇಳ್ತಿದ್ಲು. ಈಗ ಬಾಣಂತಿ. ಒಂದು ಸಲಕ್ಕೆ ಏನಾಗುತ್ತೆ ಅಂದ್ಕೊಂಡೆ."

"ನನಗೆ ಹೇಳಬಹುದಿತ್ತಲ್ಲ."

"ಬಿಲ್ಡರ್‌ಗೆ ಬಣ್ಣ ಕಾಣಲ್ಲ ಅಂದ್ರೆ ಯಾರು ಮನೆ ಕಟ್ಟೋಕೆ ಕೊಡ್ತಾರೆ? ಅದೂ ನಿಮ್ಮಂಥವರ ಹತ್ರ…" ಅವನು ನಿಲ್ಲಿಸಿದ. "ನಿಮ್ಮ ಹತ್ರ ಹೇಳೋದು ಇನ್ನೂ ಕಷ್ಟ ಆಯ್ತು."

ಆ ಮಾತಿಗೆ ಅವಳ ಕೋಪ ಅರ್ಧ ಇಳಿಯಿತು. ಉಳಿದರ್ಧವನ್ನು ಅವಳು ಇಳಿಯಗೊಡಲಿಲ್ಲ.

"ಕಾಣದೇ ಇರೋದು ತಪ್ಪಲ್ಲ. ಆದ್ರೆ ನನ್ನ ಕಣ್ಣೇ ಸರಿಯಿಲ್ಲ ಅಂದ್ರಲ್ಲ, ಎಲ್ಲರ ಎದುರಿಗೆ. ನಿನ್ನೆ ಇಡೀ ದಿನ ದಾರದುಂಡೆ ಹರವಿಕೊಂಡು ಕೂತಿದ್ದೆ. ನನಗೇ ಏನಾದ್ರೂ ಆಗಿದ್ಯಾ ಅಂತ."

ಅವನ ಮುಖ ಇಳಿದುಹೋಯಿತು. ಹಾಗೆ ಆಗಿರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ.

"ಈಗ ನಾನೇನು ಮಾಡ್ಲಿ?"

"ನನ್ನನ್ನ ಕೇಳಬೇಡಿ. ನಾನು ಭಾವನಿಗೆ ಹೇಳಲ್ಲ. ಸುಮ್ಮನೆ ಹೊರಟುಹೋದ್ರೂ ತಡೆಯಲ್ಲ. ಕಳ್ಳ ಅನ್ನಿಸಿಕೊಂಡು ಹೋಗ್ತೀರಿ, ಅಷ್ಟೆ." ಹೋಗಿಬಿಟ್ಟರೆ ಎಂಬ ಭಯ ಅವನಿಗಿಂತ ಅವಳಿಗೇ ಹೆಚ್ಚಿತ್ತು.

ಅವನು ಹೊರಗೆ ನಡೆದ. ಭಾವನನ್ನು ದಾಟಿ ಬೈಕಿನ ಹತ್ತಿರ ಹೋದ. ಕೀಲಿ ತೆಗೆದ. ಅವಳು ಕಣ್ಣು ಮುಚ್ಚಿಕೊಂಡಳು.

ಬೈಕ್ ಸ್ಟಾರ್ಟ್ ಆದ ಸದ್ದು ಬರಲಿಲ್ಲ. ಕಣ್ಣು ತೆರೆದಾಗ ಅವನು ಒಳಗಿದ್ದ. ಹಿಂದೆ ಭಾವ, ಅವನ ಹಿಂದೆ ಟೈಲ್ಸಿನ ಮುದುಕ, ಬಣ್ಣ ಬಳಿಯುವವರಿಬ್ಬರು, ಗಾಡಿ ತಂದ ಡೀಲರ್. ಎಲ್ಲರನ್ನೂ ಅವನೇ ಕರೆತಂದಿದ್ದ.

"ನನಗೆ ಕೆಂಪು ಹಸಿರು ಗೊತ್ತಾಗಲ್ಲ," ಎಂದ. "ಈಗ ಆರಿಸಿದ್ದು ನಾನಲ್ಲ, ಮೇಡಂ ಕಣ್ಣಲ್ಲೇ ತೋರಿಸಿಕೊಟ್ರು. ನಿನ್ನೆ ಅವರ ಕಣ್ಣು ದಣಿದಿದೆ ಅಂದೆ. ಅವರ ಕಣ್ಣು ಸರಿಯಾಗಿದೆ. ತಪ್ಪು ನಂದು. ಹಾಕಿದ್ದನ್ನ ನಾನೇ ಕಿತ್ತು ನಾನೇ ಕೂರಿಸಿಕೊಡ್ತೀನಿ. ಆಮೇಲೂ ಬೇಡ ಅಂದ್ರೆ ಹೋಗ್ತೀನಿ."

ಭಾವ ನಾದಿನಿಯನ್ನು ನೋಡಿದ, ಅವನನ್ನು ನೋಡಿದ, ಮತ್ತೆ ನಾದಿನಿಯನ್ನು ನೋಡಿದ. ಇಷ್ಟು ವರ್ಷ ಹೊಸಬರಿಗೆ ಗಾಡಿ ಕಲಿಸಿದವನು. ಎದುರಿಗೆ ಬರುತ್ತಿರುವುದು ಏನೆಂದು ಅವನಿಗೆ ಬೇಗ ಗೊತ್ತಾಗುತ್ತಿತ್ತು.

"ಅಲ್ಲಯ್ಯ, ಹಾಗಿದ್ರೆ ಸಿಗ್ನಲ್‌ನಲ್ಲಿ ಹೇಗೆ ನಿಲ್ತೀಯ?" ಎಂದು ಕೇಳಿದ.

"ಮೇಲಿನದು ಹತ್ತಿದ್ರೆ ನಿಲ್ತೀನಿ ಸಾರ್. ಕೆಳಗಿನದು ಹತ್ತಿದ್ರೆ ಹೋಗ್ತೀನಿ."

ಮುದುಕನಿಗೆ ನಗು ತಡೆಯಲಾಗಲಿಲ್ಲ. ಭಾವ ಮೀಸೆಯಡಿಯಲ್ಲೇ ನಕ್ಕು, "ಹಾಕದ ಹಸಿರೆಲ್ಲ ನಿಮ್ಮ ಗೋಡೌನಿಗೆ. ಬಾಕ್ಸ್ ಬದಲಾಗಿದ್ದು ನಿಮ್ಮಲ್ಲಿ, ಕಿತ್ತದ್ದಕ್ಕೂ ಬದಲಿ ನೀವೇ ಕಳಿಸಿ," ಎಂದು ಡೀಲರ್ ಹೆಗಲ ಮೇಲೆ ಕೈ ಹಾಕಿ ಹೊರಗೆ ಕರೆದೊಯ್ದ. ಡೀಲರ್ ಗೊಣಗುತ್ತಲೇ ಒಪ್ಪಿದ.

ಕೀಳುವ ಕೆಲಸ ಅವತ್ತೇ ಶುರುವಾಯಿತು. ಉಳಿ, ಸುತ್ತಿಗೆ, ಬಿಳಿಧೂಳು. ಬದಲಿ ಬಾಕ್ಸುಗಳು ಬಂದಾಗ ಅವಳು ಹೊಲಿಗೆ ಬಿಟ್ಟು ಬಂದು, ಒಂದೊಂದನ್ನೂ ಒಡೆಸಿ ನೋಡಿ, "ಇದು ಸರಿ" ಎಂದಳು. ಅವನು ಕೂರಿಸಿದ. ಇದು ಸರಿ. ಇದೂ ಸರಿ. ಕೊನೆಯ ಸಾಲು ಮುಗಿಯುವ ಹೊತ್ತಿಗೆ ಕೆಲಸದವರು ಊಟಕ್ಕೆ ಹೋಗಿದ್ದರು.

ಅವನು ಮಂಡಿಯೂರಿ ಅಂಚು ಒರೆಸುತ್ತಾ, ತಲೆಯೆತ್ತದೆ ಹೇಳಿದ. "ತಂಗಿ ಇನ್ನು ವಾಪಸ್ ಕೆಲಸಕ್ಕೆ ಬರಲ್ವಂತೆ. ಮುಂದಿನ ಮನೆಗಳಿಗೆಲ್ಲ ಬಣ್ಣ ನೋಡಿ ಹೇಳೋರು ಬೇಕು."

"ಕೆಲಸಕ್ಕೆ ಯಾರನ್ನಾದ್ರೂ ಇಟ್ಕೊಳ್ಳಿ."

"ಕೆಲಸಕ್ಕೆ ಅಲ್ಲ." ಅವನು ಒರೆಸುವುದನ್ನು ನಿಲ್ಲಿಸಿದ. "ನನಗೆ ನೀವು ಬೇಕು. ಬಣ್ಣ ಒಂದು ನೆಪ."

ಅವಳ ಮುಖಕ್ಕೆ ರಕ್ತ ನುಗ್ಗಿತು. ಕೆನ್ನೆ, ಕಿವಿ, ಕತ್ತು, ಎಲ್ಲ ಒಮ್ಮೆಲೇ ಸುಟ್ಟಂತಾಯಿತು. ಬೇರೆ ಯಾವ ಗಂಡಸಿಗಾದರೂ ಅಷ್ಟೇ ಉತ್ತರ ಸಾಕಾಗುತ್ತಿತ್ತು. ಇವನು ಮಾತ್ರ ಸೋತ ಕಣ್ಣಿನಿಂದ ಅವಳನ್ನೇ ನೋಡುತ್ತಾ, "ಸಿಟ್ಟು ಬಂತಾ?" ಎಂದು ಕೇಳಿದ.

ಕಾಣಿಸುತ್ತಿಲ್ಲ ಇವನಿಗೆ, ಎಂದು ಅವಳಿಗೆ ಆಗ ಹೊಳೆಯಿತು. ಈ ಮನುಷ್ಯನಿಗೆ ಎಲ್ಲವನ್ನೂ ಬಾಯಿಬಿಟ್ಟೇ ಹೇಳಬೇಕು, ಜೀವನವಿಡೀ.

ಅವಳು ಅವನೆದುರು ಮಂಡಿಯೂರಿ ಕೂತಳು. ಸಿಮೆಂಟು ಮೆತ್ತಿದ ಅವನ ಕೈ ತೆಗೆದುಕೊಂಡು ತನ್ನ ಕೆನ್ನೆಗಿಟ್ಟುಕೊಂಡಳು.

"ಬಿಸಿ ಇದ್ಯಾ?"

"ಇದೆ."

"ಅದು ಕೆಂಪು," ಎಂದಳು. "ನಿಮಗೋಸ್ಕರ."