ಸೆಮಿಸಿಯವರ ಚಾರ್ಟು

ನಾನು ಟೋಂಗಾದ ಸಣ್ಣ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಾಗ ನಡೆದದ್ದು ಇದು. ಆಪರೇಷನ್ ಆಗಿದ್ದ ಮುದುಕ ಸೆಮಿಸಿಯವರನ್ನು ಅರ್ಧ ಗಂಟೆಗೊಮ್ಮೆ ನೋಡಿ, ಜ್ವರ, ನಾಡಿ ಎರಡನ್ನೂ ಚಾರ್ಟಿನಲ್ಲಿ ಬರೆಯುವುದು ನನ್ನ ಹೊಣೆಯಾಗಿತ್ತು. ಭಾನುವಾರ ಮಧ್ಯಾಹ್ನ ಎರಡಕ್ಕೆ ಹೆರಿಗೆ ಕೋಣೆಯಿಂದ ಕರೆ ಬಂತು.

"ಹೋಗಮ್ಮ, ನಾನೇನು ಎದ್ದು ಓಡಿಹೋಗ್ತೀನಾ?" ಎಂದು ಸೆಮಿಸಿ ನಕ್ಕರು. ಸದ್ಯ ಕಾಣದಿದ್ದರೂ ಮನೆಯವರು ಪಕ್ಕದಲ್ಲಿ ಚಾಪೆ ಹಾಸಿಕೊಂಡು ಇದ್ದೇ ಇರುತ್ತಾರಲ್ಲ ಎಂದುಕೊಂಡು ಹೋದೆ. ಆದರೆ ನಾನಿದ್ದೇನೆಂದು ನಂಬಿ ಮನೆಯವರೆಲ್ಲ ಚರ್ಚಿಗೆ ಹೋಗಿದ್ದರು.

ನಾಲ್ಕಕ್ಕೆ ಬಂದಾಗ ಸೆಮಿಸಿಯವರ ಉಸಿರು ನಿಂತಿತ್ತು. ಅಂಥ ಸುಡುಬಿಸಿಲಿನಲ್ಲೂ ಮಂಚದ ಕಂಬಿ ಕೈ ಮರಗಟ್ಟುವಷ್ಟು ತಣ್ಣಗಿತ್ತು. ಮೇಟ್ರನ್ ಆಗಲೇ ಚಾರ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ವಿಚಾರಣೆಗೆ ಹೋದಾಗ ನನ್ನ ನರ್ಸ್ ಪರವಾನಗಿ ಹೋಗುವುದು ಖಂಡಿತವೆನಿಸಿತ್ತು. ವಕೀಲರು ಚಾರ್ಟು ತೋರಿಸಿ, "ಇದು ನಿಮ್ಮ ಅಕ್ಷರ ತಾನೇ?" ಎಂದರು. ಎರಡೂವರೆ, ಮೂರು, ಮೂರೂವರೆ, ಎಲ್ಲ ಸಾಲೂ ತುಂಬಿತ್ತು.

"ಅಕ್ಷರ ನನ್ನದೇ. ಆದ್ರೆ ನಾನು ಆಗ ಅವರ ಹತ್ರ ಹೋಗೇ ಇಲ್ಲ" ಎಂದೆ.

ಸೆಮಿಸಿಯವರ ಮಗಳು ಲೋಸೆ ನನ್ನ ಕೈ ಹಿಡಿದುಕೊಂಡಳು. "ಚಾರ್ಟೇ ಹೇಳ್ತಿದೆಯಲ್ಲ, ಬಂದಿದ್ದೀರಿ ಸಿಸ್ಟರ್. ಗಾಬರಿಗೆ ಮರೆತಿದ್ದೀರಿ ಅಷ್ಟೆ."

ಪರವಾನಗಿ ಉಳಿಯಿತು.

ಹಾಳೆಯ ಹಿಂಬದಿಯನ್ನು ಯಾರೂ ನೋಡಿರಲಿಲ್ಲ. ನಾನು ತಿರುಗಿಸಿದೆ. ಅಲ್ಲಿಯೂ ಅರ್ಧ ಗಂಟೆಗೊಮ್ಮೆ, ನನ್ನ ಅಕ್ಷರದಲ್ಲೇ, ಅವರನ್ನು ಮಣ್ಣು ಮಾಡಿದ ಸೋಮವಾರ ಬೆಳಿಗ್ಗೆ ಹನ್ನೊಂದರವರೆಗೂ ಬರೆದಿತ್ತು. ನಾಡಿ ಎಪ್ಪತ್ತೆರಡು. ಜ್ವರ ಇಲ್ಲ.