ಅಭಿಪ್ರಾಯ ಕೇಳಿದ್ದು ನೀವೇ ಅಲ್ವಾ?

"ವಿಭಾ ಅಂದ್ರೆ ನೀವೇನಾ?"

ಗಿರಾಕಿಯೊಬ್ಬರ ಮುಂದೆ ಬಣ್ಣದ ಕಾರ್ಡು ಹರಡಿಕೊಂಡು ನಿಂತಿದ್ದ ವಿಭಾ ತಲೆ ಎತ್ತಿದಳು. ಪೇಂಟ್ ಅಂಗಡಿಯ ಬಾಗಿಲಲ್ಲಿ ಒಬ್ಬ ಎತ್ತರದ ಯುವಕ. ಬಿಸಿಲಿಗೆ ಕಂದಿದ ಮುಖ, ಕೈಯಲ್ಲಿ ಮೊಬೈಲು, ಕಣ್ಣಲ್ಲಿ ಕೆಂಡ!

"ಹೌದು, ನಾನೇ. ಯಾವ ಬಣ್ಣ ಬೇಕಿತ್ತು ಸರ್?"

"ಬಣ್ಣ ತಗಳಕ್ಕೆ ಬಂದಿಲ್ಲ ಕಣ್ರೀ. ನೀವು ಬರ್ದಿರೋದನ್ನ ಓದ್ಬುಟ್ಟು, ನಿಮ್ಮ ಪ್ರೊಫೈಲಲ್ಲಿ ಅಂಗಡಿ ಹೆಸ್ರು ನೋಡ್ಕಂಡು ಮೂಗೂರಿಂದ ಬಂದಿದ್ದೀನಿ."

ಅವನು ಮೊಬೈಲನ್ನು ಅವಳ ಮುಂದೆ ಟೇಬಲ್ಲಿನ ಮೇಲಿಟ್ಟ. 'ನಮ್ಮ ಮನೆ ನಮ್ಮ ಅಂದ' ಎಂಬ ಫೇಸ್‌ಬುಕ್ ಗುಂಪು. ಹೊಸ ಅಡುಗೆಮನೆಯ ಫೋಟೋ. 'ಹೇಗಿದೆ? ಅಭಿಪ್ರಾಯ ತಿಳಿಸಿ' ಎಂದು ಕೇಳಿದವನ ಹೆಸರು ಚೆಲುವರಾಜು. ಕೆಳಗೆ ಅವಳದೇ ಕಾಮೆಂಟು.

'ಬೆಳಕು ತುಂಬಾ ಚೆನ್ನಾಗಿ ಬೀಳುತ್ತಿದೆ. ಕಬೋರ್ಡಿನ ಕೆಂಪು ಬಾಗಿಲುಗಳೂ ಚೆಂದ. ಆದರೆ ಅಡುಗೆ ಕಟ್ಟೆ ತೀರಾ ತಗ್ಗಾಯಿತು. ಗಾರೆಯವರು ಅಳತೆಯಲ್ಲಿ ತಪ್ಪಿರಬೇಕು. ನಿಂತು ಅಡುಗೆ ಮಾಡುವವರಿಗೆ ಸೊಂಟ ಹೋಗುತ್ತೆ, ಈಗಲೇ ಎತ್ತರಿಸಿಬಿಡಿ.'

ಅದರ ಕೆಳಗೆ ನಗುವ ಮುಖಗಳ ಸಾಲು. 'ಗೊಂಬೆ ಆಟಕ್ಕೆ ಕಟ್ಟಿಸಿದ್ರಾ?' ಎಂದು ಯಾರೋ. 'ಮಂಡಿಯೂರಿ ಅಡುಗೆ ಮಾಡ್ತೀರಾ?' ಎಂದು ಇನ್ಯಾರೋ.

"ಅಳತೆ ತಪ್ಪಿಲ್ಲ. ಅಳತೆ ಕೊಟ್ಟು ಕಟ್ಟಿಸಿದ್ದೇ ನಾನು. ನಮ್ಮಕ್ಕ ವೀಲ್‌ಚೇರಲ್ಲಿ ಕುಂತ್ಕಂಡು ಅಡ್ಗೆ ಮಾಡೋದು. ಅವಳಿಗೆ ನಿಂತ್ಕಳಕ್ಕೆ ಆಗಲ್ಲ."

ವಿಭಾ ಆ ಫೋಟೋವನ್ನು ಮತ್ತೊಮ್ಮೆ ನೋಡಿದಳು.

"ನಿನ್ನೆಯಿಂದ ಅವಳು ಒಲೆ ಮುಂದಕ್ಕೆ ಹೋಗಿಲ್ಲ. ಗೊತ್ತಾ?"

"ನಾನು... ನನಗೆ..."

"ಚೆನ್ನಾಗಿಲ್ಲ ಅನ್ನಿ, ಬೇಜಾರಿಲ್ಲ. ಯಾಕೆ ಹಿಂಗ್ ಕಟ್ಟಿದ್ದೀಯಪ್ಪ ಅಂತ ಒಂದ್ ಮಾತು ಕೇಳ್ಬಾರ್ದಿತ್ತಾ?"

ಅಷ್ಟು ಹೇಳಿ ಅವನು ಹೊರಟೇಹೋದ. ಅಂಗಡಿಯ ಮಾಲೀಕರು ಏನಾಯಿತಮ್ಮಾ ಎಂದರು. ವಿಭಾ ಹರಡಿದ್ದ ಕಾರ್ಡುಗಳನ್ನು ಜೋಡಿಸತೊಡಗಿದಳು. ಆ ಕೊನೆಯ ಮಾತು ಎದೆಗೆ ನಾಟಿಕೊಂಡಿತ್ತು.

ಕೇಳಬೇಕಿತ್ತು! ಕೇಳುವುದೇ ಅವಳ ಅಭ್ಯಾಸವಾಗಿತ್ತು ಕೂಡ.

ಆ ಗುಂಪಿನಲ್ಲಿ ಎಲ್ಲರೂ 'ಸೂಪರ್' ಅನ್ನುವವರೇ. ಗಿಳಿ ಹಸಿರು ಗೋಡೆಗೂ ಸೂಪರ್, ಅದರ ಮುಂದೆ ತೂಗುಬಿಟ್ಟ ನೇರಳೆ ಪರದೆಗೂ ಸೂಪರ್! ಮನೆಯವರು ಪಾಪ, ಆ ಸೂಪರನ್ನು ನಂಬಿಕೊಂಡು ಇನ್ನೊಂದು ಗೋಡೆಗೂ ಅದೇ ಬಳಿದುಬಿಡುತ್ತಿದ್ದರು. ವಿಭಾ ಮಾತ್ರ ಹಾಗಲ್ಲ. ಮೊದಲು ಅವರು ಆಸೆಪಟ್ಟು ಮಾಡಿದ್ದು ಯಾವುದೆಂದು ಹುಡುಕಿ ಮೆಚ್ಚುತ್ತಿದ್ದಳು. ಆಮೇಲೆ ಮನೆಯಲ್ಲಿ ಯಾರಿದ್ದಾರೆ, ಅಲ್ಲಿ ಏನು ಮಾಡುತ್ತಾರೆ ಎಂದು ಕೇಳುತ್ತಿದ್ದಳು. ತನಗನ್ನಿಸಿದ್ದನ್ನು ಹೇಳುವುದು ಅದರ ನಂತರವೇ. ಕವಲಂದೆಯ ಟೀಚರೊಬ್ಬರ ಸೋಫಾ ಕಿಟಕಿಗೆ ಅಡ್ಡ ನಿಂತಿತ್ತು. 'ಮೇಡಂ, ನೀವು ಪೇಪರ್ ಓದೋದು ಎಲ್ಲಿ ಕೂತು?' ಎಂದಷ್ಟೇ ಕೇಳಿದ್ದಳು. ಮಾರನೆಯ ದಿನ ಸೋಫಾ ತಾನಾಗಿ ಜಾಗ ಬದಲಿಸಿತ್ತು.

ಜನ ಹೊಗಳಿದರು. ಹೊಗಳಿ ಹೊಗಳಿ ಅವಳಿಗೂ ಸ್ವಲ್ಪ ತಲೆಗೇರಿತು ಅನ್ನಿ. ನಿನ್ನೆ ಊಟದ ಬಿಡುವಿನಲ್ಲಿ, ಒಂದು ಕೈಯಲ್ಲಿ ಮೊಸರನ್ನದ ಡಬ್ಬಿ ಹಿಡಿದುಕೊಂಡೇ, ಕೇಳದೆ ತೀರ್ಪು ಬರೆದುಬಿಟ್ಟಿದ್ದಳು.

"ಅಳಿಸಿಹಾಕು, ಮುಗೀತು," ಎಂದರು ಸಂಜೆ ಅಪ್ಪ. ಸಂಸ್ಕೃತ ಮೇಷ್ಟ್ರು ಮುರಳೀಧರ. ಮಾತು ಕಡಿಮೆ, ಆಡಿದ ಮಾತಿಗೆ ತೂಕ ಜಾಸ್ತಿ.

"ಅಳಿಸಿದ್ರೆ ನನ್ನ ತಪ್ಪು ಕಾಣದ ಹಾಗಾಗುತ್ತೆ ಅಪ್ಪ. ಅವರ ನೋವು ಹಾಗೇ ಇರುತ್ತಲ್ಲ?"

ಅವಳು ಅಳಿಸಲಿಲ್ಲ. ಅದೇ ಜಾಗದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಬರೆದಳು. 'ಯಾರಿಗಾಗಿ ಈ ಕಟ್ಟೆ ಅಂತ ಕೇಳದೆ ಬರೆದೆ. ತಪ್ಪು ಪೂರ್ತಿ ನನ್ನದು. ಇಲ್ಲಿ ನಕ್ಕವರು ದಯವಿಟ್ಟು ತಮ್ಮ ಮಾತು ವಾಪಸ್ ತೆಗೆದುಕೊಳ್ಳಿ.' ಚೆಲುವರಾಜುವಿಗೆ ಬೇರೆಯಾಗಿ ಒಂದು ಮೆಸೇಜು. 'ನಿಮ್ಮ ಅಕ್ಕನನ್ನು ನೋಡಿ ಕ್ಷಮೆ ಕೇಳಬೇಕು. ಬರಬಹುದಾ?'

'ಬೇಡ.'

ಒಂದೇ ಪದ! ವಿಭಾ ಫೋನನ್ನು ಬೋರಲು ಹಾಕಿದಳು. ಅವರು ಬೇಡ ಅಂದಮೇಲೆ ಹೋಗುವ ಹಾಗಿಲ್ಲ... ಆದರೆ ಹೀಗೇ ಬಿಟ್ಟರೆ ಇನ್ನು ಯಾರ ಮನೆಯ ಬಗ್ಗೆ ತಾನೇ ನಾನು ಬಾಯಿಬಿಡಲಿ?

ಎರಡು ದಿನ ಬಿಟ್ಟು ಚೆಲುವರಾಜುವಿನ ಖಾತೆಯಿಂದಲೇ ದನಿಯ ಮೆಸೇಜೊಂದು ಬಂತು. ಹೆಂಗಸಿನ ಗಟ್ಟಿ ದನಿ. "ನಾನು ರಾಣಿ ಕಣವ್ವ, ಚೆಲುವನ ಅಕ್ಕ. ಅವ್ನ ಫೋನಿಂದಲೇ ಮಾತಾಡ್ತಾ ಇವ್ನಿ. ಅವ್ನು ಬ್ಯಾಡ ಅಂದ್ರೇನಂತೆ? ಭಾನುವಾರ ಬಾ."

ಭಾನುವಾರ ಅವಳು ಸುತ್ತೂರಿನ ಮೇಲೆ ಹೋಗುವ ಬಸ್ಸಿನಲ್ಲಿ ತಿ. ನರಸೀಪುರಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಮೂಗೂರಲ್ಲಿ ಇಳಿದಳು. ಬಾಗಿಲು ತೆಗೆದವನು ಚೆಲುವರಾಜು. ಬನ್ನಿ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಪಕ್ಕಕ್ಕೆ ಸರಿದು ನಿಂತ. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಅವನು ಲೈನ್‌ಮನ್, ಎಲ್ಲೋ ತಂತಿ ಕಿತ್ತು ಬಿದ್ದಿತ್ತಂತೆ.

"ಒಂದ್ ಗಂಟೇಲಿ ಬತ್ತೀನಿ ಅಕ್ಕ," ಎಂದು ಬೈಕು ಹತ್ತಿದ. ವಿಭಾಳ ಕಡೆ ನೋಡಲೂ ಇಲ್ಲ.

ಗಾಲಿಕುರ್ಚಿಯಲ್ಲಿದ್ದ ರಾಣಿ ಕೈ ಚಾಚಿ ಅವಳನ್ನು ಹತ್ತಿರ ಕೂರಿಸಿಕೊಂಡಳು. ವಿಭಾ ತಪ್ಪೊಪ್ಪಿಕೊಳ್ಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ರಾಣಿ ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ.

"ಬುಡವ್ವ ಅತ್ಲಾಗೆ. ಕಾಣದೇ ಏಳ್ದೆ, ಒಪ್ಕಂಡೆ. ಊಟ ಮಾಡು ಮೊದ್ಲು."

ಅನ್ನ, ಸೊಪ್ಪಿನ ಸಾರು. ಪಕ್ಕದ ಮನೆಯ ಮುತ್ತಮ್ಮ ಮಾಡಿಕೊಟ್ಟದ್ದಂತೆ. ಮುಗಿಸಿ ಎದ್ದ ವಿಭಾ ಅಡುಗೆಮನೆಯ ಬಾಗಿಲಲ್ಲಿ ನಿಂತು, ಈ ಸಲ ಮೊದಲು ಕೇಳಿದಳು.

"ಅಕ್ಕಾ, ಇಲ್ಲಿ ಕೆಲಸ ಮಾಡುವಾಗ ನಿಮಗೆ ಏನಾದ್ರೂ ಕಷ್ಟ ಆಗುತ್ತಾ?"

ರಾಣಿ ಒಮ್ಮೆ ಬೀದಿ ಬಾಗಿಲ ಕಡೆ ನೋಡಿದಳು. ಈ ಪ್ರಶ್ನೆಯನ್ನು ಅವಳಿಗೆ ಇದುವರೆಗೂ ಯಾರೂ ಕೇಳಿರಲಿಲ್ಲ.

"ಯಾರ್ಗೂ ಏಳ್ಬ್ಯಾಡ," ಎಂದು ದನಿ ತಗ್ಗಿಸಿದಳು. "ಕಟ್ಟೆ ಎತ್ರ ಸರೀಗೈತೆ. ಆದ್ರೆ ಕೆಳುಗ್ಲ ಕೆಂಪು ಬಾಗ್ಲು ಐತಲ್ಲ, ಮಂಡಿ ಅದುಕ್ಕೆ ಒಡೀತದೆ. ಕುರ್ಚಿ ಒಳಕ್ಕೆ ಓಗಕಿಲ್ಲ. ಅಡ್ಡಡ್ಡ ಕುಂತ್ಕಂಡು ಮಾಡ್ಬೇಕು. ಅನ್ನ ಸಾರು ಎಂಗೋ ಆಯ್ತದೆ. ಮುದ್ದೆ ತಿರುವೋದ್ ಎಂಗೆ? ಒಂದ್ ಕೈಲಿ ಪಾತ್ರೆ ಒತ್ತಿ ಇಡ್ದು, ಇನ್ನೊಂದ್ ಕೈಲಿ ಕೋಲು ಆಡುಸ್ಬೇಕು. ಒಲೆಗೆ ಎದುರಾಗಿ ಕುಂತ್ರೇ ತಾನೇ ಬಲ ಬರೋದು? ಮುದ್ದೆ ಮಾಡೋದ್ನೇ ಬುಟ್ಟಿದ್ದೆ, ಅವತ್ತು ಆಸೆಗೆ ತಿರುವಕ್ಕೋಗಿ ಭುಜ ಇಡ್ಕಂಡೈತೆ. ಅದುಕ್ಕೇ ಒಲೆ ಮುಂದಕ್ಕೆ ಓಗ್ನಿಲ್ಲ, ನಿನ್ ಮಾತಿಗಲ್ಲ!"

"ತಮ್ಮನಿಗೆ ಹೇಳಬಹುದಿತ್ತಲ್ಲ ಅಕ್ಕ?"

"ಎಂಗ್ ಏಳ್ಲವ್ವ? ನಾನು ಬಿದ್ದಾಗ ಬೈಕ್ ಓಡುಸ್ತಿದ್ದೋನು ಅವ್ನೇ. ಅವತ್ನಿಂದ ಅವ್ನು ಸರೀಗೆ ನಕ್ಕಿಲ್ಲ. ಈ ಅಡ್ಗೆಮನೆ ಮುಗ್ದಿದ್ ದಿನ ನಕ್ಕ. ಅದುನ್ನ ಎಂಗ್ ಕಿತ್ಕಳ್ಲಿ?"

ವಿಭಾಳ ಕಣ್ಣು ತುಂಬಿತು. ಅಕ್ಕ ತಮ್ಮನ ನಗುವಿಗಾಗಿ ನೋವು ನುಂಗಿದ್ದಾಳೆ. ತಮ್ಮ ಅಕ್ಕನಿಗಾಗಿ ಕಟ್ಟಿ ಅಕ್ಕನಿಗೇ ನೋವು ಕೊಡುತ್ತಿದ್ದಾನೆ. ಇಬ್ಬರ ನಡುವೆ 'ಸೂಪರ್' ಅನ್ನುವ ಆ ಒಂದು ಸುಳ್ಳು!

ಹೊರಗೆ ಬೈಕಿನ ಸದ್ದಾಯಿತು. ಚೆಲುವರಾಜು ಒಳಗೆ ಬಂದು, ಕೈ ಕಟ್ಟಿ ಗೋಡೆಗೆ ಒರಗಿದ. ದನಿ ಸ್ವಲ್ಪ ಮೆತ್ತಗಾಗಿತ್ತು.

"ಈಗ ಕಣ್ಣಾರೆ ನೋಡಿದ್ರಲ್ಲ. ಹೇಳಿ, ಹೆಂಗೈತೆ?"

ರಾಣಿ ಅವನಿಗೆ ಕಾಣದ ಹಾಗೆ ಬೇಡ ಬೇಡ ಎಂದು ಕೈಯಾಡಿಸಿದಳು.

ಚೆನ್ನಾಗಿದೆ ಅಂದುಬಿಟ್ಟರೆ? ಇವರ ಕೋಪ ಇಳಿಯುತ್ತೆ. ನಗುತ್ತಾರೆ. ಆ ನಗು ನೋಡಬೇಕು ಅಂತ ಯಾಕೋ ತುಂಬಾ ಆಸೆಯಾಗುತ್ತಿದೆ... ಆದರೆ ನಾಳೆ ಅಕ್ಕನ ಭುಜ?

ಇಲ್ಲ. ಸುಳ್ಳು ಹೇಳಿ ಗಳಿಸುವ ಸ್ನೇಹ ನನಗೆ ಬೇಡ!

"ಒಂದು ಕೆಲಸ ಮಾಡ್ತೀರಾ?" ಎಂದಳು ವಿಭಾ. "ಅಕ್ಕನ ಕುರ್ಚಿಯಲ್ಲಿ ಕೂತು ಒಂದು ಮುದ್ದೆ ತಿರುವಿ ತೋರಿಸಿ."

"ಏನು?"

"ಅಭಿಪ್ರಾಯ ಕೇಳಿದ್ದು ನೀವೇ ಅಲ್ವಾ? ನನ್ನ ಅಭಿಪ್ರಾಯ ಇದೇ."

ಅವನು ಹುಬ್ಬು ಗಂಟಿಕ್ಕಿದ. ಆದರೂ ಅಕ್ಕನನ್ನು ಎತ್ತಿ ಮಂಚದ ಮೇಲೆ ಕೂರಿಸಿ, ಕುರ್ಚಿಯಲ್ಲಿ ಕೂತು ಒಲೆಯತ್ತ ಹೋದ. ಟಕ್! ಮಂಡಿ ಕೆಂಪು ಬಾಗಿಲಿಗೆ ಬಡಿಯಿತು. ಹಿಂದೆ ಸರಿದು ಮತ್ತೆ ಹೋದ. ಮತ್ತೆ ಬಡಿಯಿತು. ಕುರ್ಚಿಯನ್ನು ಅಡ್ಡ ತಿರುಗಿಸಿದ. ನೀರು ಕುದಿಯಿತು, ರಾಗಿ ಹಿಟ್ಟು ಬಿತ್ತು. ಕೋಲು ಆಡಿಸಿದರೆ ಪಾತ್ರೆ ಜಾರುತ್ತಿತ್ತು, ಪಾತ್ರೆ ಹಿಡಿದರೆ ಕೋಲು ಏಳುತ್ತಿರಲಿಲ್ಲ. ದಿನಾ ಕರೆಂಟ್ ಕಂಬ ಹತ್ತುವ ಆ ತೋಳು ನಡುಗತೊಡಗಿತು. ಹಿಟ್ಟು ಗಂಟು ಗಂಟಾಯಿತು.

ಅವನು ಒಲೆ ಆರಿಸಿದ.

"ಅಕ್ಕಾ... ನಂಗೆ ಅನ್ನ ಇಷ್ಟ ಅಂತ ಮುದ್ದೆ ಬುಟ್ಟೆ ಅಂದಿದ್ದೆ... ಅದುಕ್ಕಲ್ವಾ ನೀನು ಬುಟ್ಟಿದ್ದು?"

ರಾಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು ಕುರ್ಚಿಯಿಂದ ಎದ್ದು, ಯಾರ ಮುಖವನ್ನೂ ನೋಡದೆ, ಹಿತ್ತಲ ಬಾಗಿಲಿಂದ ಹೊರಟುಹೋದ.

ವಾಪಸ್ ಬಸ್ಸಿನಲ್ಲಿ ವಿಭಾ ಕಿಟಕಿಗೆ ತಲೆಯಾನಿಸಿ ಅತ್ತಳು. ಮಾಡಿದ್ದು ಸರಿ ಎಂದು ಗೊತ್ತಿತ್ತು. ಸರಿ ಮಾಡಿದಮೇಲೂ ಎದೆ ಇಷ್ಟು ಯಾಕೆ ನೋಯಬೇಕು ಎನ್ನುವುದೂ ಆಗ ಅವಳಿಗೆ ಗೊತ್ತಾಯಿತು. ಅವನು ಅವಳಿಗೆ ಇಷ್ಟವಾಗಿಬಿಟ್ಟಿದ್ದ.

ಆ ವಾರವೆಲ್ಲ ಅವನಿಂದ ಸುದ್ದಿಯಿಲ್ಲ. ಗುಂಪಿನಲ್ಲಿ ಯಾರ ಮನೆ ಬಂದರೂ ವಿಭಾ ಬರೆಯುವುದನ್ನು ಬಿಡಲಿಲ್ಲ. ಆದರೆ ಪ್ರತಿಯೊಬ್ಬರನ್ನೂ ಮೊದಲು ಕೇಳಿದಳು, ಉತ್ತರ ಬರುವತನಕ ಕಾದಳು.

ಶನಿವಾರ ಬೆಳಿಗ್ಗೆ ಫೋನಿಗೆ ಒಂದು ಫೋಟೋ ಬಂತು. ಒಲೆಯ ಕೆಳಗಿನ ಕೆಂಪು ಬಾಗಿಲುಗಳು ಒಂದೂ ಇಲ್ಲ! ಕಬೋರ್ಡೂ ಇಲ್ಲ. ನೆಲದ ತುಂಬಾ ಪ್ಲೈವುಡ್ ಚೂರು, ಅದರ ನಡುವೆ ಒಂದು ಸುತ್ತಿಗೆ.

'ಎಲ್ಲ ಒಡೆದು ಹಾಕ್ದೆ. ಮುಂದೇನ್ ಮಾಡ್ಲಿ, ಹೇಳ್ಕೊಡಿ.'

ಅಂಗಡಿ ಎನ್ನುವುದನ್ನೂ ಮರೆತು ವಿಭಾ ಕುರ್ಚಿಯಿಂದ ಎದ್ದು ನಿಂತಿದ್ದಳು. ಏನಂತ ಬರೆಯಲಿ? ನಿಮ್ಮನ್ನು ನೋಡಬೇಕು ಅಂತಲಾ? ಛೇ! ಕೊನೆಗೆ ಬರೆದದ್ದು ಇಷ್ಟೇ. 'ಮೊದಲು ಅಕ್ಕನನ್ನು ಕೇಳಿ. ಆಮೇಲೆ ನನ್ನನ್ನು.'

ಅವನು ಅಕ್ಕನನ್ನು ಕೇಳಿದ. ಆಮೇಲೆ ಇವಳನ್ನು ಕೇಳಿದ. ಕೇಳುತ್ತಲೇ ಇದ್ದ! ಸಾಮಾನು ಇಡುವ ಹಲಗೆ ಎಷ್ಟು ಎತ್ತರದಲ್ಲಿರಬೇಕು, ಗೋಡೆಗೆ ಯಾವ ಬಣ್ಣ, ಕುರ್ಚಿಯ ಗಾಲಿಗೆ ಜಾರದ ನೆಲ ಯಾವುದು. ಬಣ್ಣದ ಮಾತು ಮುಗಿದಮೇಲೆ ಮಳೆ ಬಂತಾ, ಊಟ ಆಯ್ತಾ ಎಂಬ ಮಾತು. ಅದೂ ಮುಗಿದಮೇಲೆ ಇಬ್ಬರೂ ಫೋನು ಹಿಡಿದುಕೊಂಡು ಸುಮ್ಮನಿರುತ್ತಿದ್ದರು. ಆ ಸುಮ್ಮನಿರುವುದು ವಿಭಾಳಿಗೆ ಎಲ್ಲಕ್ಕಿಂತ ಇಷ್ಟವಾಗುತ್ತಿತ್ತು.

ಅಡುಗೆಮನೆ ಮುಗಿದ ಭಾನುವಾರ ಅವಳು ಮತ್ತೆ ಮೂಗೂರಿಗೆ ಹೋದಳು. ರಾಣಿಯ ಕುರ್ಚಿ ಕಟ್ಟೆಯ ಕೆಳಗೆ ಸಲೀಸಾಗಿ ನುಗ್ಗಿತು. ಒಲೆಗೆ ಎದುರಾಗಿ ಕೂತು, ಪಾತ್ರೆ ಒತ್ತಿ ಹಿಡಿದು, ಅವಳು ಕೋಲು ಆಡಿಸಿದ ರಭಸಕ್ಕೆ ಕಟ್ಟೆಯ ಮೇಲಿನ ಲೋಟಗಳೆಲ್ಲ ಗಲಗಲ ಎಂದವು. ಮೊದಲ ಮುದ್ದೆ ವಿಭಾಳ ತಟ್ಟೆಗೆ ಬಿತ್ತು.

"ಅಗೀಬ್ಯಾಡ ಕಣವ್ವ, ನುಂಗು!"

ನುಂಗಲು ಹೋಗಿ ವಿಭಾ ಕೆಮ್ಮಿದಳು. ಚೆಲುವರಾಜು ನಕ್ಕ. ಅವಳು ಅಷ್ಟು ದಿನ ಕಾದಿದ್ದ ನಗು ಅದು. ನೀರಿನ ಲೋಟ ಕೊಡುವಾಗ ಅವನ ಬೆರಳು ತಾಗಿ, ಅವಳು ಕೆಮ್ಮುವುದನ್ನೂ ಮರೆತಳು.

ಊಟ ಮುಗಿಸಿ ಇಬ್ಬರೂ ಹಿತ್ತಲಿಗೆ ಬಂದರು. ಅವನು ಬೇಲಿಯ ಗೂಟವೊಂದನ್ನು ಸುಮ್ಮನೆ ಅಲುಗಾಡಿಸುತ್ತಾ ನಿಂತ.

"ನಂಗೆ ಸುತ್ತಿ ಬಳಸಿ ಮಾತಾಡಕ್ಕೆ ಬರಲ್ಲ ಕಣ್ರೀ. ಅವತ್ತು ನೀವು ಚೆನ್ನಾಗೈತೆ ಅಂದುಬುಟ್ಟಿದ್ರೆ ನಮ್ಮಕ್ಕ ಇನ್ನೂ ನೋವು ತಿಂತಿದ್ಲು. ಅವತ್ತು ಹಿತ್ತಲಿಗೆ ಬಂದು ಅತ್ತೆ. ಆಮೇಲೆ ಯೋಚ್ನೆ ಮಾಡ್ದೆ. ನನ್ನ ಮುಖಕ್ಕೆ ನಿಜ ಹೇಳೋರು ಜೀವನ ಪೂರ್ತಿ ಜೊತೇಲಿದ್ರೆ..." ಅವನು ತಡವರಿಸಿದ. "ನೀವು ಅಂದ್ರೆ ನಂಗೆ ಇಷ್ಟ. ಆದ್ರೆ ನಿಮ್ಮ ಮನೆಯೋರು ಬೇರೆ, ನಾವು ಬೇರೆ. ನಿಮ್ಮಪ್ಪ ಏನಂತಾರೋ..."

"ಬೆಳಿಗ್ಗೆ ಅಪ್ಪನಿಗೆ ಹೇಳಿಯೇ ಬಂದೆ."

ಗೂಟ ಅವನ ಕೈಗೇ ಕಿತ್ತುಬಂತು!

"ನಾನು ಕೇಳೋ ಮುಂಚೇನಾ?"

"ನನ್ನ ಮನಸ್ಸು ನನಗೆ ಗೊತ್ತಿತ್ತಲ್ಲ."

"ಏನಂದ್ರು?"

"ಕಾಫಿ ಲೋಟ ಕೆಳಗಿಟ್ಟು ಎದ್ದುಹೋದ್ರು. ಆಮೇಲೆ ಬಸ್ ಸ್ಟ್ಯಾಂಡಿಗೆ ಬಿಡೋಕೆ ಅವರೇ ಬಂದ್ರು. ಬಸ್ ಹತ್ತುವಾಗ ಒಂದೇ ಪ್ರಶ್ನೆ ಕೇಳಿದ್ರು. ಆ ಹುಡುಗ ತಪ್ಪು ಅಂದ್ರೆ ಒಪ್ಕೊಳ್ತಾನಾ ಅಂತ."

"ನೀವು?"

"ಬಾಯಲ್ಲಿ ಒಪ್ಪಲ್ಲ ಅಪ್ಪ, ಸುತ್ತಿಗೆ ತಗೊಂಡು ಒಪ್ಕೊಳ್ತಾರೆ ಅಂದೆ."

ಅವನಿಗೆ ನಗುವೂ ಬಂತು, ಕಣ್ಣೀರೂ ಬಂತು. ವಿಭಾ ಅವನ ಕೈಯಿಂದ ಗೂಟ ತೆಗೆದು ಕೆಳಗಿಟ್ಟು, ಮಣ್ಣಾದ ಆ ಕೈಯನ್ನು ಹಾಗೇ ಹಿಡಿದುಕೊಂಡಳು.

"ಒಪ್ಪಿದ್ದೀನಿ ಅಂತ ಅಪ್ಪ ಇನ್ನೂ ಹೇಳಿಲ್ಲ. ನೋಡ್ತೀನಿ, ಕರ್ಕೊಂಡು ಬಾ ಅಂದ್ರು."

"ದಿನಾ ಕಂಬ ಹತ್ತೋನು ನಾನು, ವಿಭಾ. ನಿಮ್ಮಪ್ಪನ ನೆನೆಸ್ಕಂಡ್ರೆ ಕಾಲು ನಡುಗ್ತದೆ."

"ನಡುಗಲಿ ಬಿಡಿ. ಆದ್ರೆ ಬನ್ನಿ."

ಅವನು ಅವಳ ಕೈಯನ್ನು ಬಿಗಿಯಾಗಿ ಹಿಡಿದ.

"ಬತ್ತೀನಿ."