ಹರಕೆಯ ಗಡ್ಡ

೨೦೦೯ರ ಫೆಬ್ರವರಿ ೧೨, ಗುರುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ತುಬಚಿಯ ಆಚೆ, ನೀರು ಒಯ್ಯಲು ಗುಡ್ಡ ಕೊರೆಯುತ್ತಿದ್ದ ಸುರಂಗದ ಬಾಯಲ್ಲಿ, ಕೆಲಸಗಾರರ ಉಸಿರಿಗೆ ಧೂಳು ಸೇರದಂತೆ ನೋಡಿಕೊಳ್ಳುವ ಮಾಯಾ, ಕಲ್ಲು ಕೊರೆಯುವ ಹಾಲೇಶನ ತಲೆಯ ಮೇಲೆ ಪ್ಲಾಸ್ಟಿಕ್ ಚೀಲ ಇಳಿಬಿಟ್ಟಳು.

ಧೂಳಿನ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತಿದೆಯೇ ಎಂದು ನೋಡುವ ಪರೀಕ್ಷೆ ಅದು. ಚೀಲದೊಳಗೆ ಸ್ಯಾಕರಿನ್ ಎಂಬ ಸಿಹಿಪುಡಿ ಕರಗಿಸಿದ ನೀರನ್ನು ಮಂಜಿನಂತೆ ಸಿಂಪಡಿಸುವುದು. ಮಾಸ್ಕಿನೊಳಗೆ ಬಾಯಿಗೆ ಸಿಹಿ ತಾಗಿದರೆ, ಅದೇ ಸಂದಿಯಲ್ಲಿ ಕಲ್ಲಿನ ಪುಡಿಯೂ ನುಗ್ಗುತ್ತದೆ.

ಸೋಮವಾರ ಅವನು ಸೋತಿದ್ದ. ಕಾರಣ, ಬೀರಪ್ಪನಿಗೆ ಹರಕೆ ಹೊತ್ತು ಬಿಟ್ಟ ಗಡ್ಡ. ಅಂಚಿನಡಿ ಕೂದಲಿದ್ದರೆ ಯಾವ ಮಾಸ್ಕೂ ಕೂರುವುದಿಲ್ಲ. ಇವತ್ತೂ ಸೋತರೆ ಹೊರಗಿನ ಕೆಲಸಕ್ಕೆ.

ಸಿಂಪಡಿಸುವ ಬಾಟಲಿಯನ್ನು ಮೂವತ್ತು ಸಲ ಒತ್ತಿದಳು. ಏನೂ ತಾಗಲಿಲ್ಲವೆಂದು ಹಾಲೇಶ ತಲೆಯಾಡಿಸಿದ. ಆದರೆ ಹನ್ನೆರಡನೆಯದಕ್ಕೇ ಅವನು ಉಗುಳು ನುಂಗಿದ್ದನ್ನೂ, ಕಣ್ಣು ಪಕ್ಕಕ್ಕೆ ಸರಿಸಿದ್ದನ್ನೂ ಅವಳು ನೋಡಿದ್ದಳು.

"ಸುಳ್ಳ ಹೇಳಬ್ಯಾಡ್ರಿ."

"ಒಂದೀಟ ಐತ್ರಿ. ಅರ್ಧ ಪೇಢೆದಷ್ಟ."

ಅವಳಿಗೆ ನಗು ಬಂತು, ಸಿಟ್ಟೂ ಬಂತು. ಹೊರಗೆ ಒಳ್ಳೆಯ ಗಾಳಿ, ಹಗುರ ಕೆಲಸ; ಒಳಗೇ ಇರಬೇಕೆಂಬ ಹಟ ಯಾಕೆ ಎಂದು ಕೇಳಿದಳು. ಅವನು ಕಾಲರಿನಲ್ಲಿದ್ದ, ಧೂಳು ಅಳೆಯುವ ಪುಟ್ಟ ನಳಿಕೆಯನ್ನು ಮುಟ್ಟಿದ.

"ಹೊರಗಿನವ್ರಿಗೆ ಇದನ್ನ ಯಾರೂ ಸಿಗಸೂದಿಲ್ಲಲ್ರಿ."

ದಿನವೂ ಅದನ್ನು ಸಿಕ್ಕಿಸುವವಳು ಮಾಯಾ. ಆ ಅರ್ಧ ನಿಮಿಷ ಅವನು ಉಸಿರು ಬಿಗಿಹಿಡಿಯುವುದು ಅವಳಿಗೆ ಗೊತ್ತಿತ್ತು. ಕ್ಲಿಪ್ಪು ಸರಿಯಾಗಿದ್ದರೂ ತಾನು ಮತ್ತೊಮ್ಮೆ ಸರಿಪಡಿಸುವುದೂ ಗೊತ್ತಿತ್ತು.

"ಹರಕಿ ಯಾವಾಗ ಮುಗೀತೈತಿ?"

"ಮನಸಿನ್ಯಾಕಿ ಹೂಂ ಅಂದ ದಿನ."

"ಅಕಿನ್ನ ಕೇಳೀರೇನು?"

"ಈಗ ಕೇಳಾಕತ್ತೇನ್ರಿ."

ಮಾಯಾ ರಿಜಿಸ್ಟರ್ ತೆರೆದು ಅವನ ಹೆಸರಿನ ಸಾಲು ಹುಡುಕಿದಳು. ಅವಳ ಅಪ್ಪ ಹುಲೆಪ್ಪ ಲೋಕಾಪುರದ ಕಡೆ ಕಲ್ಲು ಒಡೆಯುತ್ತಿದ್ದವನು. ಎದೆಯಲ್ಲಿ ಕಲ್ಲಿನ ಪುಡಿ ತುಂಬಿ, ಕೊನೆಯ ಎರಡು ವರ್ಷ ಮಲಗಿದರೆ ದಮ್ಮು ಕಟ್ಟುತ್ತದೆಂದು ಕೂತೇ ನಿದ್ದೆ ಮಾಡಿದ. ನಡುವೆ ಉಸಿರು ತಡೆದಾಗಲೆಲ್ಲ ಪಕ್ಕದಲ್ಲಿ ಮಲಗಿ ಆ ಉಸಿರನ್ನೇ ಎಣಿಸುತ್ತಿದ್ದ ಮಗಳ ಎಣಿಕೆ ತಪ್ಪುತ್ತಿತ್ತು. ರಸಾಯನಶಾಸ್ತ್ರ ಓದಿ ಅವಳು ಈ ಕೆಲಸಕ್ಕೆ ಬಂದದ್ದೂ ಅದಕ್ಕೇ.

"ನಮ್ಮಪ್ಪನ ಉಸಿರು ಎಣಿಸಿ ಸಾಕಾಗೇತಿ ನನಗ. ಮತ್ತ ನಿಮ್ಮದೂ ಎಣಿಸಾಕ ಆಗೂದಿಲ್ಲ. ನಾಳೆ ಗಡ್ಡ ತಗಸ್ಕೊಂಡ ಬರ್ರಿ."

"ಮತ್ತ ಹರಕಿ?"

"ಮುಗೀತಂತನ ಹೇಳಾಕತ್ತೇನಿ."

ಹಾಗೆಂದರೂ ಆ ದಿನದ ಸಾಲಿನಲ್ಲಿ 'ಫೇಲ್' ಎಂದೇ ಬರೆದು ಅವನನ್ನು ಹೊರಗೆ ಕಳಿಸಿದಳು. ಹಾಲೇಶ ನಗುನಗುತ್ತ ಹೋದ.

ಶುಕ್ರವಾರ ಬಂದಾಗ ಅವನ ಹಣೆಯ ಮೇಲೆ ಬೀರಪ್ಪನ ಭಂಡಾರ, ಗದ್ದದ ಮೇಲೆ ಕತ್ತಿ ತಾಗಿದ ಸಣ್ಣ ಗಾಯ. ಗಡ್ಡವಿಲ್ಲದ ಮುಖ ಎಷ್ಟು ಎಳೆಯದಾಗಿ ಕಂಡಿತೆಂದರೆ ಅವಳು ಕಣ್ಣು ತಗ್ಗಿಸಿ ಚೀಲ ಇಳಿಬಿಟ್ಟಳು. ಹತ್ತು. ಇಪ್ಪತ್ತು. ಮೂವತ್ತು. ಅವನ ಗಂಟಲು ಅಲುಗಲಿಲ್ಲ. ಆದರೂ ನಂಬಿಕೆ ಸಾಲದೆ, ಸಿಹಿ ಅವನ ನಾಲಿಗೆಗೆ ನಿಜಕ್ಕೂ ತಿಳಿಯುತ್ತದೆಯೇ ಎಂದು ನೋಡಲು ಚೀಲದೊಳಗೇ ಮಾಸ್ಕ್ ಸ್ವಲ್ಪ ಎತ್ತಲು ಹೇಳಿದಳು.

ಅವನ ಮುಖ ತಟ್ಟನೆ ಅರಳಿತು. "ಈಗ ಬಂತು, ಮಾಯಾ."

ಮೇಡಂ ಎನ್ನದೆ ಅವನು ಕರೆದದ್ದು ಅದೇ ಮೊದಲು. ಅವಳು ಪೆನ್ನು ಎತ್ತಿಕೊಂಡು ಬರೆದಳು: ಹಾಲೇಶ. ಒತ್ತಿದ್ದು ೩೦ ಸಲ. ಸಿಹಿ ತಾಗಿದ್ದು ೦.